ನುಗ್ಗೆಗಿಡದ ಮೂಲೆಯ ಕೆರೆ

ನಾನು ಕೆರೆಯೊಳಗೆ ವಾಸವಾಗಿದ್ದೇನೆ ಎಂಬುದು ನನಗೆ ಗೊತ್ತಾದದ್ದು ಮೇ ತಿಂಗಳ ಒಂದು ಮುಂಜಾನೆ, ಮನೆಮುಂದಿನ ಕಟ್ಟೆಯ ಮೇಲೆ ಕಡಲೆಬೇಳೆ ಹಸನು ಮಾಡುತ್ತ ಕೂತಾಗ. ಅಲ್ಲಿಯವರೆಗೆ ನಲವತ್ತೊಂದು ವರ್ಷ ಒಣ ನೆಲದ ಮೇಲೆ ಇದ್ದೇನೆಂದೇ ತಿಳಿದಿದ್ದೆ. ಟ್ಯಾಂಕರಿನ ಮುಂದೆ ಕೊಡ ಹಿಡಿದು ಜಗಳಾಡಿ ಜಗಳಾಡಿ ನನ್ನ ದನಿ ಪುಣೆಯ ಹಡಪಸರದಲ್ಲಿ ಎತ್ತಿದರೆ ಸೊಲ್ಲಾಪುರದಲ್ಲಿ ಕೇಳಿಸುತ್ತದೆ. ಕೆರೆಯ ನಟ್ಟನಡುವೆ ನಿಂತು ಟ್ಯಾಂಕರಿಗೆ ಕಾದ ಹೆಂಗಸು ಮೂರು ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಸುದ್ದಿ ತಂದವನು ಪಕ್ಕದ ಮನೆಯ ಅವ್ವಣ್ಣ. ನಿಪ್ಪಾಣಿ ಕಡೆಯವನು, ಮೂವತ್ತು ವರ್ಷ ಪುಣೆಯ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ನಿವೃತ್ತನಾಗಿ ಹತ್ತು ವರ್ಷವಾದರೂ ಯಾರ ಮನೆಗೆ ಹೋದರೂ ಬಾಗಿಲ ಚೌಕಟ್ಟು ಹಿಡಿದೇ ನಿಲ್ಲುತ್ತಾನೆ, ಮನೆ ಯಾವಾಗ ಬ್ರೇಕ್ ಹಾಕುತ್ತದೋ ಎಂಬ ಹೆದರಿಕೆಯಿಂದ.

"ಶಿವಗಂಗಕ್ಕಾ, ಮನಸ್ಸು ಗಟ್ಟಿ ಮಾಡ್ಕೊ," ಅಂದ.

"ಯಾರ್ ಹೋದ್ರೋ?"

"ಯಾರೂ ಹೋಗಿಲ್ಲ. ನಿನ್ನ ಮನಿ ಹೋಗೇತಿ. ಕೆರ್ಯಾಗ."

ನಾನು ತಿರುಗಿ ನೋಡಿದೆ. ತಗಡಿನ ಪತ್ರಾದ ಮಾಡು, ಸೀಳುಬಿಟ್ಟ ಹಿಂದಿನ ಗೋಡೆ, ಒಳಗೆ ಹೊಲಿಗೆ ಯಂತ್ರದ ಮುಂದೆ ಕೂತ ಸೊಸೆ ರೇಣು, ಎಲ್ಲ ಇದ್ದಲ್ಲೇ ಇದ್ದವು.

"ಇಲ್ಲೇ ಐತಲ್ಲೋ, ಕುಡದು ಬಂದೀಯೇನು?"

"ಇಲ್ಲೆ ಐತಿ. ನಕಾಶೆದಾಗ ಇಲ್ಲ."

ಆಮೇಲೆ ಅವನು ಪೇಪರು ಬಿಚ್ಚಿ, ಸ್ಟಾಪಿನಿಂದ ಸ್ಟಾಪಿಗೆ ಹೋಗುವ ಹಾಗೆ, ಒಂದೊಂದೇ ಸಾಲು ಓದಿ ಹೇಳಿದ. ಪುಣೆ ಮತ್ತು ಸುತ್ತಲಿನ ನೂರಾರು ಹಳ್ಳಿಗಳಿಗೆ ಸೇರಿ ಒಂದು ದೊಡ್ಡ ಪ್ಲಾನು ಬಂದಿದೆಯಂತೆ. ಎರಡು ಸಾವಿರದ ನಲವತ್ತೇಳರವರೆಗೆ ಜನ ಎಲ್ಲಿರಬೇಕು, ಗಾಡಿ ಎಲ್ಲಿ ಓಡಬೇಕು, ಗಿಡ ಎಲ್ಲಿ ಬೆಳೆಯಬೇಕು, ಹಕ್ಕಿ ಎಲ್ಲಿ ಕೂಡಬೇಕು, ಎಲ್ಲವನ್ನೂ ಬಣ್ಣ ಹಚ್ಚಿ ತೋರಿಸಿದ್ದಾರಂತೆ. ಅದನ್ನು ಬರೆಯಲು ಅವರು ತೆಗೆದುಕೊಂಡದ್ದು ಏಳು ವರ್ಷ. ನಾವು ಓದಿ, ತಿಳಿದು, ತಕರಾರು ಕೊಡಲು ಮೂವತ್ತು ದಿನ. ಅದರಲ್ಲಿ ಹನ್ನೊಂದು ದಿನ ಪೇಪರು ಅವ್ವಣ್ಣನ ಮನೆಯಲ್ಲಿ ಕಪಾಟಿನ ಕೆಳಗೆ ಹಾಸಿಕೊಂಡು ಮಲಗಿತ್ತು.

ರೇಣು ಫೋನಿನಲ್ಲಿ ನಕಾಶೆ ತೆಗೆದು ಎರಡು ಬೆರಳಿನಿಂದ ಹಿಗ್ಗಿಸಿದಳು. ಹಳದಿ ಅಂದರೆ ಮನೆ, ಹಸಿರು ಅಂದರೆ ತೋಟ, ಬೂದಿ ಅಂದರೆ ರಸ್ತೆ, ನೀಲಿ ಅಂದರೆ ನೀರು. ನಮ್ಮ ಗಲ್ಲಿ ಅರಿಸಿನ ಹಚ್ಚಿದ ಮದುಮಗಳ ಹಾಗೆ ಹಳದಿಯಾಗಿತ್ತು. ಅದರ ನಡುವೆ, ಸರಿಯಾಗಿ ನಮ್ಮ ಮನೆ ಇರಬೇಕಾದಲ್ಲಿ, ಒಂದು ನೀಲಿ ಮಚ್ಚೆ. ಸುತ್ತಲೂ ಹಸಿರು ಉಂಗುರ.

"ಏನ್ ಬರದಾರ, ಓದು."

ರೇಣು ಮರಾಠಿ ಓದಿ ಕನ್ನಡದಲ್ಲಿ ಹೇಳಿದಳು. "ಈಗಾಗಲೇ ಇರುವ ಕೆರಿ. ಕಾಪಾಡತಕ್ಕದ್ದು. ಬಿಳೀ ಕೊಕ್ಕರಿ ಬರತಾವು, ಅಂದಾಜು ಅರವತ್ತು."

"ಅರವತ್ತು ಕೊಕ್ಕರಿ? ಎಲ್ಲೆ ಅದಾವು? ಅವಕ್ಕ ಅಡಿಗಿ ಯಾರ್ ಮಾಡ್ತಾರ?"

"ನಗಬ್ಯಾಡ್ರಿ ಅತ್ತೀ," ಅಂದಳು ರೇಣು. "ಕೆರ್ಯಾಗಿನ ಮನಿ ತಗೀತಾರಂತ. ತಗದವರಿಗೆ ಶಿರೂರ ಕಡೆ ಫ್ಲಾಟ್ ಕೊಡ್ತಾರಂತ."

ಶಿರೂರು! ಅಲ್ಲಿಂದ ನನ್ನ ಮಗ ಬಸವಲಿಂಗ ಮಾರ್ಕೆಟ್ ಯಾರ್ಡಿನ ಮೆಣಸಿನಕಾಯಿ ಅಡತಿ ಅಂಗಡಿಗೆ ಬರಬೇಕಾದರೆ ಇಂದು ಹೊರಟು ನಿನ್ನೆ ತಲುಪಬೇಕು. ರೇಣುವಿನ ಗಿರಾಕಿಗಳು ಒಂದು ಜಂಪರಿನ ಗುಂಡಿಗಾಗಿ ಅರವತ್ತು ಕಿಲೋಮೀಟರು ಬರುವವರೇ?

"ಮೆಟ್ರೊ ಬರ್ತೈತಂತ ಅಲ್ಲಿಗೆ," ಅಂದ ಅವ್ವಣ್ಣ. "ನಕಾಶೆದಾಗ ಚುಕ್ಕಿ ಚುಕ್ಕಿ ಹಾಕ್ಯಾರ."

"ಗೆರಿ ಯಾಕ್ ಹಾಕಿಲ್ಲ?"

"ಗೆರಿ ಅಂದ್ರ ಬರ್ತೈತಿ. ಚುಕ್ಕಿ ಅಂದ್ರ ಬಂದ್ರೂ ಬರಬಹುದು."

ನಾನು ಮಾತಿನಲ್ಲಿ ಎಷ್ಟೇ ನಕ್ಕರೂ ಕಣ್ಣು ಸೀಳುಬಿಟ್ಟ ಗೋಡೆಯ ಕಡೆಗೇ ಹೋಗುತ್ತಿತ್ತು. ಹಿಂದಿನ ಗೋಡೆಯನ್ನು ದೀಪಾವಳಿಯೊಳಗೆ ಕೆಡವಿ ಕಟ್ಟಬೇಕೆಂದು ಬಸವಲಿಂಗ ಇಟ್ಟಂಗಿ ತರಿಸಿ ಇಟ್ಟಿದ್ದ. ಕೆರೆಯಲ್ಲಿ ಗೋಡೆ ಕಟ್ಟಲು ಯಾವ ಆಫೀಸು ಪರವಾನಗಿ ಕೊಡುತ್ತದೆ? ಕಟ್ಟದಿದ್ದರೆ ಅದು ಈ ಮಳೆಗಾಲ ಹೇಗೋ ದಾಟಿದರೂ ಮುಂದಿನದಕ್ಕೆ ನಿಲ್ಲುವುದಿಲ್ಲ. ಅಂದರೆ ಅವರು ತೆಗೆಯುವುದಕ್ಕೆ ಮೊದಲೇ ಮನೆ ತಾನಾಗಿ ಹೋಗುತ್ತದೆ. ಈ ಮನೆಯ ಒಂದೊಂದು ಕಲ್ಲನ್ನೂ ನನ್ನ ಯಜಮಾನ ಗೂಳಪ್ಪ ಸೈಕಲ್ ಮೇಲೆ ಹೇರಿಕೊಂಡು ತಂದವನು. ಆ ಸೈಕಲ್ಲಿಗೆ ಬ್ರೇಕೂ ಇರಲಿಲ್ಲ, ಸೀಟೂ ಇರಲಿಲ್ಲ, ನೆನಪಿದ್ದ ಮಟ್ಟಿಗೆ ಹಿಂದಿನ ಗಾಲಿಯೂ ಇರಲಿಲ್ಲ.

"ಇನ್ನಷ್ಟು ಹಿಗ್ಗಸು," ಅಂದೆ ರೇಣುವಿಗೆ. ನಾನು ಓದು ಕಲಿತದ್ದು ಎರಡನೆಯ ಇಯತ್ತೆಯವರೆಗೆ, ಆದರೆ ಕಣ್ಣು ಕಲಿತದ್ದು ಭಾಳ. ಆ ನೀಲಿ ಮಚ್ಚೆಯನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಉದ್ದಕ್ಕೆ ನಾಲ್ಕು ಮೂಲೆ. ಒಂದು ಮೂಲೆಯಲ್ಲಿ ಮಾತ್ರ ಯಾರೋ ರೊಟ್ಟಿ ಕಚ್ಚಿ ತಿಂದ ಹಾಗೆ ದುಂಡಗೆ ಕಡಿತ.

"ಅಯ್ಯ ನಮ್ಮವ್ವ! ಇದು ನಮ್ಮ ತಾಡಪತ್ರಿ!"

ಆ ತಾಡಪತ್ರಿಯ ಕತೆ ಹೇಳಲೇಬೇಕು. ಗೂಳಪ್ಪ ಮಾರ್ಕೆಟ್ ಯಾರ್ಡಿನ ಅದೇ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ದಿವಾನಜಿಯಾಗಿ ಮೂವತ್ತಾರು ವರ್ಷ ಮೆಣಸಿನಕಾಯಿ ಘಾಟಿನಲ್ಲಿ ಸೀನಿದ. ಕೆಲಸ ಬಿಟ್ಟ ದಿನ ಸಾವಕಾರರು ಬಂಗಾರದ ಉಂಗುರ ಕೊಡುತ್ತಾರೆಂದು ನಾನು ಬೆರಳು ತೊಳೆದುಕೊಂಡು ಕೂತಿದ್ದೆ. ಕೊಟ್ಟದ್ದು ಲಾರಿಗೆ ಹೊದಿಸುವ ನೀಲಿ ತಾಡಪತ್ರಿ. ಗಂಡ ಹೋಗಿ ಎಂಟು ವರ್ಷವಾಯಿತು, ತಾಡಪತ್ರಿಗೆ ಒಂದು ತೂತೂ ಬಿದ್ದಿಲ್ಲ. ಮಳೆಗಾಲದಲ್ಲಿ ಅದು ಮಾಡಿನ ಮೇಲೆ. ಬೇಸಿಗೆಯಲ್ಲಿ ಮಾಡಿನಿಂದ ಅಂಗಳದ ಕಂಬದವರೆಗೆ ಹರವಿ, ಗಲ್ಲಿಯ ಧಾರವಾಡ-ಬೆಳಗಾವಿ ಕಡೆಯ ಹೆಂಗಸರೆಲ್ಲ ಸೇರಿ ಬ್ಯಾಡಗಿ ಮೆಣಸಿನಕಾಯಿ, ಸಂಡಿಗೆ, ಶಾವಿಗೆ ಒಣಗಿಸುತ್ತೇವೆ. ಮಗ್ಗುಲಲ್ಲಿ ನುಗ್ಗೆಗಿಡ ಅಡ್ಡ ಬರುತ್ತದೆಂದು ಗೂಳಪ್ಪನೇ ಚೂರಿಯಿಂದ ಒಂದು ಮೂಲೆಯನ್ನು ದುಂಡಗೆ ಕೊಯ್ದಿದ್ದ. ಆ ಕಡಿತವೇ ಈಗ ಕೆರೆಯ ದಂಡೆಯಾಗಿ ಸರಕಾರದ ನಕಾಶೆಯಲ್ಲಿ ಕೂತಿತ್ತು.

ಹಿಂದಿನ ಮಾರ್ಚಿನಲ್ಲಿ ಏನಾಗಿತ್ತೆಂದು ಆಗ ನೆನಪಾಯಿತು. ತಾಡಪತ್ರಿ ತೊಳೆದು, ಹಸಿಹಸಿಯಾಗಿ ಹರವಿ, ಒಂದು ತುದಿ ಒರೆಸಿ ಮೊದಲ ಅರವತ್ತು ಅಕ್ಕಿ ಸಂಡಿಗೆ ಇಟ್ಟಿದ್ದೆ. ಆಗ ಮೇಲೆ ಗುಂಯ್ ಎಂದು ನಾಲ್ಕು ರೆಕ್ಕೆಯ ಯಂತ್ರವೊಂದು ಬಂದು ನಿಂತಿತು. ಕಾಗೆ ಓಡಿಸುವ ಕೋಲಿನಿಂದ ಅದನ್ನೂ ಓಡಿಸಿದ್ದೆ. ಒಂದು ದಿನ ತಡಮಾಡಿ ಬಂದಿದ್ದರೆ ಮೆಣಸಿನಕಾಯಿ ಹರವಿರುತ್ತಿದ್ದೆ, ಪುಣೆಯ ನಕಾಶೆಯಲ್ಲಿ ಬೆಂಕಿ ಉಗುಳುವ ಗುಡ್ಡ ಬರುತ್ತಿತ್ತು.

ರೇಣು ತಕರಾರಿನ ಅರ್ಜಿ ಬರೆದಳು, ನಾನು ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದೆ. ಸಹಿ ಮುಗಿಯುವುದರೊಳಗೆ ಪೆನ್ನಿನ ಮಸಿ ಮುಗಿಯಿತು.

ಜೂನ್ ತಿಂಗಳಲ್ಲಿ ವಿಚಾರಣೆಗೆ ಕರೆದರು. ಸಭೆಯ ದೊಡ್ಡ ಹಾಲ್, ಎಲ್ಲರ ಕೈಗೂ ನಂಬರಿನ ಬಿಲ್ಲೆ. ನನ್ನದು ನಾಲ್ಕುನೂರ ಹದಿನೇಳು. ಒಬ್ಬೊಬ್ಬರಿಗೆ ಮೂರು ನಿಮಿಷ, ಆಮೇಲೆ ಗಂಟೆ. ಗೋಡೆಯ ಮೇಲೆ ಪ್ಲಾನಿನ ಸಿನಿಮಾ ಓಡುತ್ತಿತ್ತು. ಎರಡು ಸಾವಿರದ ನಲವತ್ತೇಳರ ಪುಣೆಯಲ್ಲಿ ಎಲ್ಲರೂ ತೆಳ್ಳಗೆ, ಬೆಳ್ಳಗೆ, ಕೈಯಲ್ಲಿ ನಾಯಿಯ ಹಗ್ಗ ಹಿಡಿದು ನಡೆಯುತ್ತಿದ್ದರು. ಒಬ್ಬರ ತಲೆಯ ಮೇಲೂ ಗಂಟಿಲ್ಲ, ಒಬ್ಬ ಮುದುಕಿಯೂ ಇಲ್ಲ.

"ನಮ್ಮನ್ನೆಲ್ಲಾ ಶಿರೂರಿಗೆ ಕಳಿಸಿದ ಮ್ಯಾಲ ತಗದ ಸಿನಿಮಾ ಇದು," ಅಂದೆ ಅವ್ವಣ್ಣನಿಗೆ.

ನನಗಿಂತ ಎರಡು ಬಿಲ್ಲೆ ಮುಂದಿನವನು ತನ್ನ ಮನೆಯ ಮೇಲೆ ಸ್ಮಶಾನ ತೋರಿಸಿದ್ದಾರೆಂದ. ಬರೆದುಕೊಂಡರು, ಗಂಟೆ ಬಾರಿಸಿದರು. ಅವನ ಹಿಂದಿನ ಹೆಣ್ಣುಮಗಳು ತಮ್ಮೂರಿನ ಗುಡ್ಡವನ್ನು ಆಟದ ಬಯಲೆಂದು ತೋರಿಸಿದ್ದಾರೆ, ಚೆಂಡು ಉರುಳಿದರೆ ತರಲು ಎರಡು ದಿನ ಬೇಕು ಅಂದಳು. ಅದನ್ನೂ ಬರೆದುಕೊಂಡರು.

ಮೇಜಿನ ನಡುವೆ ಕೂತಿದ್ದವರು ಪ್ರಲ್ಹಾದ ಸಾಹೇಬರು, ಎಲ್ಲರಿಗಿಂತ ದೊಡ್ಡವರು. ಅವರ ಕುರ್ಚಿಯ ಬೆನ್ನಿಗೆ ಟರ್ಕಿಶ್ ಟಾವೆಲ್ ಇತ್ತು, ಅದರಿಂದಲೇ ಗೊತ್ತಾಗುತ್ತಿತ್ತು. ಪಕ್ಕದಲ್ಲಿ ಕೆಂಪು ಬೆಳಕಿನ ಕಡ್ಡಿ ಹಿಡಿದು ನಕಾಶೆ ತೋರಿಸುತ್ತಿದ್ದ ಇಂಜಿನಿಯರನ ಹೆಸರು ಋಷಿಕೇಶ.

"ಆಜಿ, ತುಮಚೀ ಹರಕತ ಕಾಯ?" ಎಂದು ಸಾಹೇಬರು ಮರಾಠಿಯಲ್ಲಿ ನನ್ನ ತಕರಾರು ಕೇಳಿದರು.

ನಾನೂ ಮರಾಠಿಯಲ್ಲೇ ಹೇಳಿದೆ. "ಸಾಹೇಬ, ನಾನು ಕೆರೆಯಿಂದ ಬಂದಿದ್ದೇನೆ. ಸೀರೆ ಒಣಗಿದೆ, ಅದೇ ತಕರಾರು."

ಇಡೀ ಸಭೆ ಹೋ ಎಂದು ನಕ್ಕಿತು. ಋಷಿಕೇಶ ನಗಲಿಲ್ಲ. ಕೆಂಪು ಬೆಳಕನ್ನು ನನ್ನ ಅಡಿಗೆಮನೆಯ ಮೇಲೆ ಬಿಟ್ಟು, ಇಲ್ಲಿ ನೀರಿರುವುದು ಡ್ರೋನ್ ಫೋಟೋದಿಂದ ಸಿದ್ಧವಾಗಿದೆ ಅಂದ.

"ಈ ಹುಡುಗನ ಕಣ್ಣಾಗ ನೀರ ತುಂಬೇತಿ, ಕಂಡದ್ದೆಲ್ಲಾ ಕೆರಿ," ಎಂದು ನಾನು ಅವ್ವಣ್ಣನ ಕಡೆ ತಿರುಗಿ ಗೊಣಗಿದೆ. ನನ್ನ ಗೊಣಗಾಟ ಮೂರನೆಯ ಗಲ್ಲಿಗೆ ಕೇಳುತ್ತದೆ.

ಹುಡುಗ ತಟ್ಟನೆ ಕನ್ನಡಕ್ಕೆ ಬಂದ. "ಅಜ್ಜಿ, ನೀವು ನಮ್ಮ ಕಡೀಯವರೇನ್ರಿ? ನಮ್ಮ ಅಜ್ಜಿ ಧಾರವಾಡದವರು. ನಾ ಇಲ್ಲೇ ಹುಟ್ಟಿ ಬೆಳದಂವ."

"ಹಂಗಾರ ನಿಮ್ಮಜ್ಜಿ ಸಂಡಿಗಿ ಮಾಡಿದ್ದ ನೋಡಿಲ್ಲೇನಪಾ?"

"ನೋಡೇನ್ರಿ. ಯಾಕ್ರಿ?"

"ಆ ಅರವತ್ತು ಕೊಕ್ಕರಿ ನನ್ನ ಸಂಡಿಗಿ. ನಿನ್ನ ಕೆರಿ ನನ್ನ ತಾಡಪತ್ರಿ. ನಿನ್ನ ಕೆರಿ ದಂಡೀ ಮ್ಯಾಲ ನುಗ್ಗೀಗಿಡ ಐತಿ. ಬಾ, ಸಾರು ಮಾಡಿ ಹಾಕ್ತೀನಿ."

ಹುಡುಗನ ಕೈಯಲ್ಲಿದ್ದ ಕಡ್ಡಿಯ ಕೆಂಪು ಚುಕ್ಕೆ ನನ್ನ ಅಡಿಗೆಮನೆ ಬಿಟ್ಟು, ಸಾಹೇಬರ ಟಾವೆಲಿನ ಮೇಲೆ ಹೋಗಿ ಕೂತಿತು. "ಕಂಪ್ಯೂಟರ್ ಬಣ್ಣ ನೋಡಿ ಬರೀತದ್ರಿ ಅಜ್ಜಿ," ಅಂದ ಮೆತ್ತಗೆ. "ನೀಲಿ, ಮತ್ತ ಹೊಳೀಲಿಕ್ಕತ್ತದ ಅಂದ್ರ ನೀರು."

"ಮತ್ತ ಮನಿ ಹಿಂದ ಖರೇನ ಹಳ್ಳ ಐತಿ. ಅದನ್ನ ಯಾಕ ಬೂದಿ ಬಣ್ಣ ಬಳದೀರಿ?"

ನಮ್ಮ ಗಲ್ಲಿಯ ಹಿಂದೆ ಹರಿಯುವ ಹಳ್ಳವನ್ನು ನಕಾಶೆಯಲ್ಲಿ ಇಪ್ಪತ್ತನಾಲ್ಕು ಮೀಟರಿನ ರಸ್ತೆ ಎಂದು ತೋರಿಸಿದ್ದರು. ಹಳ್ಳದ ಆಚೆ ಇಪ್ಪತ್ತೆರಡು ಮಹಡಿಯ ಟಾವರು ಎದ್ದಿದೆ. ಆ ರಸ್ತೆ ನೇರವಾಗಿ ಅದರ ಗೇಟಿಗೆ ಹೋಗಿ ಕೈ ಜೋಡಿಸಿ ನಿಲ್ಲುತ್ತಿತ್ತು.

"ಮಾರ್ಚ್‌ನಾಗ ನೀರಿದ್ದಿಲ್ರಿ ಅದರಾಗ. ಉದ್ದಕ ಅದ, ಮನಿ ಇಲ್ಲ, ಗಿಡ ಇಲ್ಲ. ಕಂಪ್ಯೂಟರ್ ರಸ್ತಾ ಅಂತು."

ಗಂಟೆ ಹೊಡೆಯಿತು. ನಾನು ಕದಲಲಿಲ್ಲ. ಮತ್ತೆ ಹೊಡೆಯಿತು. ನಾನು ಕೂತುಬಿಟ್ಟೆ. ಕೊನೆಗೆ ಸಾಹೇಬರೇ ಬೇಸತ್ತು, ಜುಲೈದಲ್ಲಿ ಜಾಗಕ್ಕೆ ಬಂದು ಕಣ್ಣಾರೆ ನೋಡುತ್ತೇವೆಂದು ಬರೆಸಿದರು.

ಅವರು ಬರುವ ದಿನದ ಹೊತ್ತಿಗೆ ಮೂರು ದಿನದಿಂದ ಮಳೆ ಹಿಡಿದಿತ್ತು. ಎಂಥ ಮಳೆ ಎಂದರೆ ಮೀನುಗಳೇ ಒಳಗೆ ಬಂದು ಕೂತುಕೊಳ್ಳೋಣವೇ ಎಂದು ಕೇಳುವ ಹಾಗಿತ್ತು. ಹಳ್ಳ ಎರಡೂ ದಂಡೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಯಾರ್ಡಿಗೆ ರಜೆ ಇದ್ದದ್ದರಿಂದ ಬಸವಲಿಂಗ ಮನೆಯಲ್ಲೇ ಇದ್ದ. ನಾನು ಸಂಡಿಗೆ ಕರಿದು, ಚಹಾಕ್ಕೆ ಇಟ್ಟು, ಸಾಹೇಬರಿಗಾಗಿ ಒಂದು ಒಣ ಕುರ್ಚಿ ಹುಡುಕಿ ಇಟ್ಟೆ.

ಹತ್ತು ಗಂಟೆಗೆ ರೇಣುವಿನ ಫೋನು ರಿಂಗಾಯಿತು. ಋಷಿಕೇಶನ ದನಿ.

"ಇಪ್ಪತ್ನಾಲ್ಕು ಮೀಟರ್ ರಸ್ತಾದ ಬಾಯಾಗ ಬಂದೇವ್ರಿ. ಇಲ್ಲಿಂದ ನಿಮ್ಮ ಮನಿಗೆ ನೂರು ಹೆಜ್ಜಿ."

"ಸರ್, ಅದು ರಸ್ತಾ ಅಲ್ರಿ! ಹಳ್ಳ! ಮುಂದಿನ ಚೌಕಿಗೆ ಹೋಗಿ ತಿರುಗಿ ಬರ್ರಿ!"

ಹಿಂದಿನಿಂದ ಪ್ರಲ್ಹಾದ ಸಾಹೇಬರು ಮರಾಠಿಯಲ್ಲಿ ಹೇಳುತ್ತಿದ್ದದ್ದು ನಮಗೂ ಕೇಳಿಸಿತು. "ನಕಾಶೆಯಲ್ಲಿ ಇದೆಯಲ್ಲ, ನಡೀರಿ."

ತಪ್ಪು ಅವರದೊಂದೇ ಅಲ್ಲ. ಟಾವರಿನವರು ತಮ್ಮ ಮಣ್ಣು, ಒಡೆದ ಇಟ್ಟಂಗಿ ಎಲ್ಲ ತಂದು ಹಳ್ಳದ ಬಾಯಿಗೆ ಸುರಿದು ಸಪಾಟು ಮಾಡಿದ್ದರು. ಮೊದಲ ಇಪ್ಪತ್ತು ಹೆಜ್ಜೆ ಅದು ಥೇಟು ರಸ್ತೆಯೇ. ಇಪ್ಪತ್ತೊಂದನೆಯ ಹೆಜ್ಜೆಗೆ ಬಿಳಿ ಜೀಪು ಕೋಣದ ಹಾಗೆ ಮೂಗು ಕೆಳಗೆ ಮಾಡಿ ನೀರಿಗಿಳಿಯಿತು.

ಕೂಗು ಕೇಳಿ ಓಡಿಹೋದೆವು. ಜೀಪು ಬಾಗಿಲಮಟ ಮುಳುಗಿತ್ತು. ಸಾಹೇಬರು, ಋಷಿಕೇಶ, ಡ್ರೈವರ್ ಮೂವರೂ ಜೀಪಿನ ನೆತ್ತಿಯ ಮೇಲೆ ಹತ್ತಿ ಕೂತಿದ್ದರು. ಸಾಹೇಬರ ತಲೆಯ ಮೇಲೆ ನಕಾಶೆಯ ಸುರುಳಿ, ಕೊಡೆಯಾಗಿ.

"ಹಗ್ಗ ತರ್ರಿ!" ಎಂದು ಬಸವಲಿಂಗ ಒದರಿದ. ಗಲ್ಲಿಯ ಹಗ್ಗವೆಲ್ಲ ಗಂಟು ಹಾಕಿದರೂ ಬಟ್ಟೆ ಒಣಗಿಸುವಷ್ಟೇ ಉದ್ದ.

"ಮನಿ ಮಾಡಿನ ಮ್ಯಾಲಿಂದು ತಗೀರೋ!" ಅಂದೆ ನಾನು.

ಬಸವಲಿಂಗನೂ ಅವ್ವಣ್ಣನೂ ಮಾಡಿನ ಮೇಲಿಂದ ತಾಡಪತ್ರಿ ಕಿತ್ತು, ಸೀರೆ ಹಿಂಡಿದ ಹಾಗೆ ಹುರಿಗೊಳಿಸಿ, ಒಂದು ತುದಿ ಬೇವಿನ ಬೊಡ್ಡೆಗೆ ಬಿಗಿದು, ಇನ್ನೊಂದನ್ನು ಜೀಪಿನ ಕಡೆ ಎಸೆದರು. ಮೊದಲು ಡ್ರೈವರ್ ಬಂದ, ಆಮೇಲೆ ಋಷಿಕೇಶ. ಕೊನೆಗೆ ಎದೆಮಟ ಕೆಂಪು ನೀರಿನಲ್ಲಿ, ಎರಡೂ ಕೈಯಿಂದ ನೀಲಿ ತುದಿಯನ್ನು ಅವುಚಿಕೊಂಡು ಸಾಹೇಬರು ಬಂದರು.

"ಹೋಲ್ಡಾನ್, ಹೋಲ್ಡಾನ್! ಗಟ್ಟಿ ಹಿಡೀರಿ, ಹಿಂದಿನ ಬಾಗಲಾ ಬಿಡಬ್ಯಾಡ್ರಿ!" ಎಂದು ಅವ್ವಣ್ಣ ದಂಡೆಯ ಮೇಲಿಂದ ಬಸ್ಸಿನಲ್ಲಿ ಕೂಗುವ ಹಾಗೆ ಕೂಗುತ್ತಿದ್ದ.

ರಸ್ತೆಯಲ್ಲಿ ಮುಳುಗುತ್ತಿದ್ದವರು ಕೆರೆಯನ್ನು ಹಿಡಿದುಕೊಂಡು ದಡ ಸೇರಿದರು. ಇಂಥದು ನಾನಂತೂ ಎಪ್ಪತ್ತೆರಡು ವರ್ಷದಲ್ಲಿ ನೋಡಿರಲಿಲ್ಲ.

ಮನೆಗೆ ಕರೆತಂದು, ಬಸವಲಿಂಗನ ಲುಂಗಿ ಕೊಟ್ಟು ಕೂಡಿಸಿದೆವು. ತಾಡಪತ್ರಿ ಕಿತ್ತ ಮಾಡು ಹದಿನೇಳು ಕಡೆ ಸೋರುತ್ತಿತ್ತು. ಸಾಹೇಬರ ಕುರ್ಚಿ ಎಲ್ಲಿ ಸರಿಸಿದರೂ ಅವರ ಬೋಳುತಲೆಯ ಮೇಲೇ ಟಪ್ ಟಪ್.

"ಬೆಳಿಗ್ಗಿನ ತನಕಾ ಇದು ಮನಿ ಇತ್ರಿ ಸಾಹೇಬ್ರ," ಅಂದೆ. "ಈಗ ನೋಡ್ರಿ, ನಿಮ್ಮ ನಕಾಶೆ ಖರೆ ಆತು."

ರೇಣು ನನ್ನ ಮೊಣಕೈ ಚಿವುಟಿದಳು. ನಾನು ಸಂಡಿಗೆಯ ತಾಟು ಮುಂದಿಟ್ಟೆ. "ತಿನ್ನರಿ. ನಿಮ್ಮ ಕೊಕ್ಕರಿ. ಇನ್ನೂ ನಲವತ್ತು ಉಳದಾವು, ಡಬ್ಬಿಯೊಳಗ."

ಋಷಿಕೇಶ ಸಂಡಿಗೆ ತಿನ್ನಲಿಲ್ಲ. ಅವನು ಕಿಟಕಿಯಿಂದ ನುಗ್ಗೆಗಿಡವನ್ನೂ, ಬಾಗಿಲಲ್ಲಿ ರಾಶಿಯಾಗಿ ಬಿದ್ದ ತಾಡಪತ್ರಿಯ ದುಂಡು ಕಡಿತವನ್ನೂ ನೋಡುತ್ತಿದ್ದ. ಅವನ ಕಿವಿ ಕೆಂಪಗಾಗಿತ್ತು.

"ತಪ್ಪಾಗೇದರಿ ಅಜ್ಜಿ," ಅಂದ. "ಈ ಕೆರಿ ತಗಸ್ತೇನಿ."

ಸಾಹೇಬರು ಚಹಾ ಕೆಳಗಿಟ್ಟರು. ಮರಾಠಿಯಲ್ಲಿ ನಿಧಾನವಾಗಿ, ಮಕ್ಕಳಿಗೆ ತಿಳಿಸುವ ಹಾಗೆ ಹೇಳಿದರು. ಪ್ಲಾನಿನಲ್ಲಿ ಇಷ್ಟು ಎಕರೆ ಮನೆ, ಇಷ್ಟು ಎಕರೆ ರಸ್ತೆ, ಇಷ್ಟು ಎಕರೆ ನೀರು ಎಂದು ಮೇಲೆ ಬರೆದು ಕಳಿಸಿಯಾಗಿದೆ. ನೀರು ಒಂದು ಹನಿ ಕಡಿಮೆಯಾದರೂ ಪರಿಸರ ಖಾತೆಯವರು ಇಡೀ ಪ್ಲಾನು ವಾಪಸು ಕಳಿಸುತ್ತಾರೆ. ಈ ಕೆರೆ ತೆಗೆದರೆ ಅಷ್ಟೇ ದೊಡ್ಡ ಕೆರೆಯನ್ನು ಇಲ್ಲೇ ಹತ್ತಿರದಲ್ಲಿ ತೋರಿಸಬೇಕು.

"ಹತ್ತಿರ ಅಂದರೆ?" ಎಂದು ನಾನು ಕೇಳಿದೆ.

ಸಾಹೇಬರು ಕಿಟಕಿಯ ಕಡೆ ಕೈ ಮಾಡಿದರು. "ಪಕ್ಕದ ಆ ಮನೆ ಯಾರದು?"

ಅವ್ವಣ್ಣನ ಗಂಟಲಿನಲ್ಲಿ ಸಂಡಿಗೆ ಸಿಕ್ಕಿಕೊಂಡಿತು. ಬಸವಲಿಂಗ ಬೆನ್ನಿಗೆ ನಾಲ್ಕು ಗುದ್ದಿದ ಮೇಲೆ ಹೊರಗೆ ಬಂತು.

"ಹಳ್ಳ ಐತಲ್ರಿ!" ಅಂದೆ ನಾನು. ಸಿಟ್ಟಿಗೆ ಮರಾಠಿ ಮರೆತೇ ಹೋಗಿತ್ತು. "ಈಗ ಅದರಾಗ ಬಿದ್ದು ಎದ್ದು ಬಂದೀರಿ. ಅಲ್ಲೆ ತೂಗಹಾಕಿದ ನಿಮ್ಮ ಪಾಟಲೂಣಿನಿಂದ ಇನ್ನೂ ನೀರು ಇಳ್ಯಾಕತ್ತೇತಿ. ಅದನ್ನ ನೀರು ಅಂತ ಬರೀರಲ್ಲ!"

ಋಷಿಕೇಶ ಅದನ್ನು ಮರಾಠಿ ಮಾಡಿ ಹೇಳಿದ. ಸಾಹೇಬರು ತಲೆಯಾಡಿಸಿದರು. ಅವರ ಉತ್ತರವನ್ನು ಕನ್ನಡ ಮಾಡುವಾಗ ಹುಡುಗ ನನ್ನ ಮುಖ ನೋಡಲಿಲ್ಲ.

"ನಾವು ಬಿದ್ದಿದ್ದು ದಾಖಲೆ ಆಗೂದಿಲ್ಲಂತರಿ ಅಜ್ಜಿ. ಡ್ರೋನ್ ನೋಡಿದ್ದು ಅಷ್ಟ ದಾಖಲೆ. ಫೆಬ್ರುವಾರಿಯೊಳಗ ಮತ್ತೊಮ್ಮೆ ಹಾರಸ್ತೇವಿ. ಆವಾಗ ಅದಕ್ಕ ಎಲ್ಲಿ ನೀರು ಕಾಣ್ತದೋ ಅಲ್ಲೇ ಕೆರಿ."

"ಫೆಬ್ರುವಾರಿಯೊಳಗ ಹಳ್ಳ ಒಣಗಿ ಬಾಯಿ ಬಿಟ್ಟಿರತೈತಲ್ಲೋ!"

"ಹೌದ್ರಿ," ಅಂದ. ಹೊರಡುವಾಗ ಬಾಗಿಲಲ್ಲಿದ್ದ ತಾಡಪತ್ರಿಯನ್ನು ಇನ್ನೊಮ್ಮೆ ನೋಡಿ, ತುಳಿಯದೆ ದಾಟಿ ಹೋದ.

ಅವರು ಹೋದ ಮೇಲೆ ಅವ್ವಣ್ಣ ಆರು ತಿಂಗಳು ನನ್ನ ಜೀವ ತಿಂದ. ದಿನಾ ಬೆಳಿಗ್ಗೆ ಬಂದು ಚೌಕಟ್ಟು ಹಿಡಿದು ನಿಲ್ಲುವುದು. "ಅಕ್ಕಾ, ನಿನ್ನ ಕೆರಿ ನನ್ನ ಮ್ಯಾಲ ದಬ್ಬಬ್ಯಾಡ. ನೀ ಸುಮ್ಮ ತಾಡಪತ್ರಿ ಮಡಚಿ ಇಟ್ಟರ ನಿನ್ನ ಮನಿ ಉಳೀತೈತಿ. ನನ್ನ ಗತಿ?"

ಮಾತು ಸುಳ್ಳಲ್ಲ. ಮಡಚಿ ಇಟ್ಟರೆ ನನ್ನ ಕೆಲಸ ಮುಗಿದಂತೆ. ಆದರೆ ಗೂಳಪ್ಪ ಹೋದ ದಿನ ಆಂಬುಲೆನ್ಸ್ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಾಗ, ಅದರ ಮುಂದೆ ಓಡುತ್ತ ಬಾಯಲ್ಲಿ ಸೀಟಿ ಇಟ್ಟುಕೊಂಡು ಹಡಪಸರದ ಬಸ್ಸುಗಳನ್ನೆಲ್ಲ ಬದಿಗೆ ಸರಿಸಿದವನು ಇದೇ ಅವ್ವಣ್ಣ. ಅದಕ್ಕೂ ಹೆಚ್ಚಾಗಿ, ಅವನು ಶಿರೂರಿಗೆ ಹೋದರೆ ನಾನು ದಿನಾ ಯಾರನ್ನು ಬೈಯಲಿ?

"ಕೆರಿ ಎಲ್ಲೆ ಇರಬೇಕೋ ಅಲ್ಲೆ ಹಾಸೂಣು ತಗೋ," ಅಂದೆ.

ಅವನಿಗೆ ತಿಳಿಯಲಿಲ್ಲ. ರೇಣುವಿಗೆ ತಿಳಿಯಿತು. ಹೊಲಿಗೆ ಯಂತ್ರ ನಿಲ್ಲಿಸಿ, ನಾನು ಮದುವೆಯ ಸೀರೆ ಕೊಟ್ಟಾಗಲೂ ನಗದಷ್ಟು ದೊಡ್ಡದಾಗಿ ನಕ್ಕಳು.

ಡ್ರೋನ್ ಹಾರಿಸುವ ದಿನ ಪೇಪರಿನಲ್ಲಿ ಬಂತು. ಈ ಸಲ ಅವ್ವಣ್ಣ ಪೇಪರನ್ನು ಕಪಾಟಿನ ಕೆಳಗೆ ಹಾಸಲಿಲ್ಲ. ಆ ದಿನ ಬೆಳಿಗ್ಗೆ ಗಲ್ಲಿಯ ಹೆಂಗಸರೆಲ್ಲ ಸೊಂಟ ಕಟ್ಟಿ ಒಣ ಹಳ್ಳಕ್ಕಿಳಿದೆವು. ತಾಡಪತ್ರಿ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಅಂಚು ಕಾಣದ ಹಾಗೆ ಮಣ್ಣು ಸರಿಸಿದೆವು. ಟ್ಯಾಂಕರಿನಿಂದ ಹೊಡೆದಾಡಿ ತುಂಬಿದ ಹನ್ನೆರಡು ಕೊಡ ನೀರನ್ನು ಅದರ ಮೇಲೆ ಸುರಿದೆವು. ಕುಡಿಯುವ ನೀರನ್ನು ಪ್ಲಾಸ್ಟಿಕ್ಕಿಗೆ ಸುರಿಯುವಾಗ ಒಂದೊಂದು ಕೊಡಕ್ಕೂ ಬೈದುಕೊಂಡೆ. ಆದರೆ ಸರಕಾರಕ್ಕೆ ಹೊಳೆಯದಿದ್ದರೆ ಅದು ನೀರೇ ಅಲ್ಲವಲ್ಲ. ಕೊನೆಗೆ ಮನೆಗೊಂದು ತಾಟಿನಂತೆ ಸಂಡಿಗೆ ತಂದು, ದಂಡೆಯ ಗುಂಟ ಸಾಲಾಗಿ ಕೂಡಿಸಿದೆವು.

ಟಾವರಿನ ಬಾಲ್ಕನಿಗಳಿಂದ ಜನ ಬಗ್ಗಿ ನೋಡುತ್ತಿದ್ದರು. ಅಲ್ಲಿಯ ವಾಚ್‌ಮನ್ ಲಾಠಿ ಬೀಸುತ್ತ ಬಂದ. ಇಲ್ಲಿ ನಮ್ಮ ರಸ್ತೆ ಬರಲಿದೆ, ಇದೇನು ಹಾಕಿದ್ದೀರಿ ಎಂದು ಮರಾಠಿಯಲ್ಲಿ ಗದರಿಸಿದ.

"ಕೆರೆ," ಅಂದೆ ನಾನೂ ಮರಾಠಿಯಲ್ಲೇ. "ಈಗಾಗಲೇ ಇರುವ ಕೆರೆ. ಚಪ್ಪಲಿ ಬಿಟ್ಟು ನಿಲ್ಲಪ್ಪ, ಹಕ್ಕಿ ಹಾರಿಹೋಗುತ್ತವೆ."

ಅವನು ಸಂಡಿಗೆಯನ್ನೂ ನನ್ನನ್ನೂ ನೋಡಿದ. ತಲೆಕೆಟ್ಟವರ ಗುಂಪೆಂದು ತಿಳಿದು ಹೊರಟುಹೋದ. ಗುಂಯ್ ಎಂದು ಯಂತ್ರ ಬಂತು. ಈ ಸಲ ನಾನು ಕೋಲೆತ್ತಲಿಲ್ಲ. ಸೆರಗು ಹೊದ್ದು ಬೇವಿನ ನೆರಳಿಗೆ ಸರಿದು, ನಿಜವಾದ ಕಾಗೆಗಳು ಕೊಕ್ಕರೆಗಳನ್ನು ತಿನ್ನದಂತೆ ನೋಡಿಕೊಂಡೆ.

ಏಪ್ರಿಲ್‌ದಲ್ಲಿ ಕೊನೆಯ ನಕಾಶೆ ಬಂತು. ರೇಣು ಎರಡು ಬೆರಳಿನಿಂದ ಹಿಗ್ಗಿಸಿದಳು. ನನ್ನ ಮನೆ ಹಳದಿ. ಅವ್ವಣ್ಣನ ಮನೆ ಹಳದಿ. ಹಿಂದೆ ಹಳ್ಳದಲ್ಲಿ ನಮ್ಮ ತಾಡಪತ್ರಿಯ ಅಗಲದ ನೀಲಿ, ಸುತ್ತಲೂ ಹಸಿರು ಉಂಗುರ. ಇಪ್ಪತ್ತನಾಲ್ಕು ಮೀಟರಿನ ರಸ್ತೆ ಹಸಿರಿನ ಅಂಚಿಗೆ ಬಂದು ಕತ್ತರಿಸಿಹೋಗಿತ್ತು, ಟಾವರಿನ ಗೇಟು ಆಚೆ ಕಡೆ ಬಾಯಿ ತೆರೆದು ನಿಂತಿತ್ತು. ಬಿಳಿ ಕೊಕ್ಕರೆ, ಅಂದಾಜು ಇನ್ನೂರ ಹತ್ತು ಎಂದು ಬರೆದಿತ್ತು. ಪುಣೆಯ ಪರಿಸರ ಒಂದೇ ವರ್ಷದಲ್ಲಿ ಎಷ್ಟು ಸುಧಾರಿಸಿತು ನೋಡಿರಿ.

ಬಸವಲಿಂಗ ಅದೇ ಭಾನುವಾರ ಹಿಂದಿನ ಗೋಡೆ ಕೆಡವಿದ. ಇಟ್ಟಂಗಿಯ ಧೂಳಿನ ನಡುವೆ ರೇಣುವಿನ ಫೋನು ರಿಂಗಾಯಿತು.

"ಅಜ್ಜಿ, ನಾ ಋಷಿಕೇಶರಿ. ನಕಾಶೆ ನೋಡಿದ್ರೇನ್ರಿ?"

"ನೋಡ್ದೆ. ಭಾಳ ಚೆಂದ ಬಂದೈತಿ."

"ಒಂದು ಮಾತು ಕೇಳೂದಿತ್ರಿ." ಹುಡುಗ ದನಿ ತಗ್ಗಿಸಿದ, ಆಫೀಸಿನಲ್ಲೇ ಕೂತಿರಬೇಕು. "ಆ ಕೆರಿಗೆ ಒಂದು ಮೂಲ್ಯಾಗ ದುಂಡಗ ಕಡತ ಅದ. ಸಾಹೇಬ್ರು ನಿನ್ನೆ ಅರ್ಧಾ ತಾಸು ಅದನ್ನ ನೋಡಿದ್ರು. ಹಳ್ಳದಾಗ ನುಗ್ಗೀಗಿಡ ಯಾವಾಗ ಹಚ್ಚಿದ್ರಿ?"

ನಾನು ಹೊರಗೆ ನೋಡಿದೆ. ಅವ್ವಣ್ಣ ಬೀಳುವ ಗೋಡೆಗೆ ಬಸ್ಸು ಹಿಂದೆ ತೆಗೆಸುವ ಹಾಗೆ ಕೈ ಬೀಸಿ ದಾರಿ ತೋರಿಸುತ್ತಿದ್ದ.

"ನಿಮ್ಮ ಪ್ಲಾನು ನಲವತ್ತೇಳರ ತನಕಾ ಐತಲ್ಲೋ ತಮ್ಮಾ," ಅಂದೆ. "ಅಷ್ಟರೊಳಗ ಹಚ್ತೀನಿ ಬಿಡು."

ಫೋನು ರೇಣುವಿನ ಕೈಗೆ ಕೊಟ್ಟು, ಕುಡುಗೋಲು ತೆಗೆದುಕೊಂಡೆ. ನುಗ್ಗೆಯದು ಒಂದು ಒಳ್ಳೆಯ ಟೊಂಗೆ ನೋಡಿ, ಮೊಳಕೈ ಉದ್ದ ಕಡಿದೆ. ಹಳ್ಳದ ದಂಡೆಯಲ್ಲಿ ಎಲ್ಲಿ ನೆಡಬೇಕೆಂದು ನಕಾಶೆಯೇ ತೋರಿಸಿತ್ತು.